ಮುದ್ರಕರ ಹೆಸರಿಲ್ಲದ ಸುದ್ದಿ: ಡಿಜಿಟಲ್ ಸಮಾಜದಲ್ಲಿ ಮಾಧ್ಯಮ ಸಾಕ್ಷರತೆಯ ಮಹತ್ವ

ಪೀಠಿಕೆ

ಸಾಕ್ಷರತೆ ಎಂಬ ಪದವು ಬಹುಕಾಲದಿಂದ ಅಕ್ಷರಜ್ಞಾನವೆಂಬ ಸೀಮಿತ ಅರ್ಥದಲ್ಲಿ ಬಳಕೆಯಾಗುತ್ತ ಬಂದಿದೆ. ಓದಲು ಮತ್ತು ಬರೆಯಲು ಬಲ್ಲವನು ಸಾಕ್ಷರ ಎಂಬುದು ಜನಗಣತಿಯ ಮತ್ತು ಶಿಕ್ಷಣ ಯೋಜನೆಗಳ ಸಾಮಾನ್ಯ ಗ್ರಹಿಕೆ. ಈ ಮಾನದಂಡದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯು ಕರ್ನಾಟಕದಲ್ಲಿ ಅಗ್ರಸ್ಥಾನದಲ್ಲಿದ್ದು, 2011ರ ಜನಗಣತಿಯ ಪ್ರಕಾರ ಅದರ ಸಾಕ್ಷರತಾ ಪ್ರಮಾಣ ಶೇಕಡ 88ಕ್ಕೂ ಅಧಿಕವಾಗಿದೆ. ಆದರೆ ಅಕ್ಷರವನ್ನು ಬಲ್ಲ ಸಮಾಜವು ತಾನು ಓದಿದುದನ್ನು ಪರೀಕ್ಷಿಸಬಲ್ಲ ಸಮಾಜವೂ ಆಗಿರುತ್ತದೆಯೇ ಎಂಬ ಪ್ರಶ್ನೆಗೆ ಈ ಅಂಕಿ ಉತ್ತರ ನೀಡುವುದಿಲ್ಲ. ಅಂಗೈಯಲ್ಲಿರುವ ಮೊಬೈಲ್ ದೂರವಾಣಿಯೇ ವೃತ್ತಪತ್ರಿಕೆ, ಬಾನುಲಿ, ದೂರದರ್ಶನ ಮತ್ತು ಅಂಚೆಪೆಟ್ಟಿಗೆಗಳೆಲ್ಲವೂ ಆಗಿರುವ ಕಾಲದಲ್ಲಿ ಈ ಪ್ರಶ್ನೆಯು ಕೇವಲ ಶೈಕ್ಷಣಿಕ ಮಹತ್ವದ್ದಲ್ಲ. ಅದು ಮನುಷ್ಯರ ಪ್ರಾಣ, ಮಾನ ಮತ್ತು ಸಹಬಾಳ್ವೆಗೆ ಸಂಬಂಧಿಸಿದುದಾಗಿದೆ.

ಮಂಗಳೂರು ನಗರದ ನಂತೂರು ಈ ಚರ್ಚೆಗೆ ಸೂಕ್ತವಾದ ಒಂದು ನೆಲೆ. ಉತ್ತರ ದಕ್ಷಿಣವಾಗಿ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಇಲ್ಲಿ ಮೂಡುಬಿದಿರೆಯತ್ತ ಸಾಗುವ ಹೆದ್ದಾರಿಯನ್ನು ಸಂಧಿಸುತ್ತದೆ. ಪಶ್ಚಿಮಕ್ಕೆ ಮಲ್ಲಿಕಟ್ಟೆ ಮತ್ತು ಕದ್ರಿ, ಪೂರ್ವಕ್ಕೆ ಬಿಕರ್ನಕಟ್ಟೆ ಮತ್ತು ಕುಲಶೇಖರ, ದಕ್ಷಿಣಕ್ಕೆ ಪಂಪ್‌ವೆಲ್. ಕೇರಳದಿಂದ, ಘಟ್ಟದ ಮೇಲಿನಿಂದ, ಉಡುಪಿಯ ಕಡೆಯಿಂದ ಬರುವ ಜನರೂ ಸರಕೂ ಇಲ್ಲಿ ಹಾದುಹೋಗುತ್ತವೆ. ಕನ್ನಡ ಪತ್ರಿಕೋದ್ಯಮದ ಉಗಮಸ್ಥಾನವೂ ಕರಾವಳಿಯ ಬಾನುಲಿ ಕೇಂದ್ರವೂ ಈ ವೃತ್ತದಿಂದ ಕೆಲವೇ ಕಿಲೋಮೀಟರುಗಳ ಅಂತರದಲ್ಲಿವೆ. ಆದ್ದರಿಂದ ಒಂದೇ ಪರಿಸರದಲ್ಲಿ ಮಾಧ್ಯಮದ ಮೂರು ಯುಗಗಳನ್ನು ಒಟ್ಟಿಗಿಟ್ಟು ನೋಡಲು ಸಾಧ್ಯವಾಗುತ್ತದೆ.

ಪರಿಕಲ್ಪನೆಯ ಸ್ವರೂಪ

ಮಾಧ್ಯಮ ಸಾಕ್ಷರತೆ ಎಂದರೆ ಮಾಧ್ಯಮದ ಸಂದೇಶಗಳನ್ನು ಪಡೆಯುವ, ವಿಶ್ಲೇಷಿಸುವ, ಮೌಲ್ಯಮಾಪನ ಮಾಡುವ ಮತ್ತು ಹೊಣೆಯರಿತು ಸೃಷ್ಟಿಸುವ ಸಾಮರ್ಥ್ಯ. 1982ರ ಜನವರಿಯಲ್ಲಿ ಅಂದಿನ ಪಶ್ಚಿಮ ಜರ್ಮನಿಯ ಗ್ರುನ್‌ವಾಲ್ಡ್‌ನಲ್ಲಿ ಯುನೆಸ್ಕೋ ಆಶ್ರಯದಲ್ಲಿ ನಡೆದ ಸಮಾವೇಶವು ಮಾಧ್ಯಮ ಶಿಕ್ಷಣದ ಕುರಿತು ಒಂದು ಘೋಷಣೆಯನ್ನು ಅಂಗೀಕರಿಸಿತು. 2011ರಲ್ಲಿ ಯುನೆಸ್ಕೋ ಶಿಕ್ಷಕರಿಗಾಗಿ ಮಾಧ್ಯಮ ಮತ್ತು ಮಾಹಿತಿ ಸಾಕ್ಷರತೆಯ ಪಠ್ಯಕ್ರಮವನ್ನು ಪ್ರಕಟಿಸಿತು. ಹೀಗೆ ಪರಿಕಲ್ಪನೆಯು ಅಂತರಜಾಲಕ್ಕಿಂತ ಹಿಂದಿನದಾದರೂ ಅದರ ತುರ್ತು ಹೆಚ್ಚಿದ್ದು ಸಾಮಾಜಿಕ ಜಾಲತಾಣಗಳ ಕಾಲದಲ್ಲಿ.

2017ರಲ್ಲಿ ಯುರೋಪ್ ಮಂಡಳಿಗಾಗಿ ಕ್ಲೇರ್ ವಾರ್ಡಲ್ ಮತ್ತು ಹುಸೇನ್ ದೆರಖ್‌ಶಾನ್ ಸಿದ್ಧಪಡಿಸಿದ ವರದಿಯು 'ಸುಳ್ಳು ಸುದ್ದಿ' ಎಂಬ ಸಡಿಲ ಪದದ ಬದಲಿಗೆ ಮೂರು ಭೇದಗಳನ್ನು ಸೂಚಿಸಿತು. ತಪ್ಪೆಂದು ಅರಿಯದೆ ಹಂಚುವ ಮಾಹಿತಿ ಮೊದಲನೆಯದು. ಕೇಡಿನ ಉದ್ದೇಶದಿಂದ ಬೇಕೆಂದೇ ಸೃಷ್ಟಿಸಿದ ಮಿಥ್ಯೆ ಎರಡನೆಯದು. ನಿಜವನ್ನೇ ಹಾನಿಗಾಗಿ ಬಳಸುವುದು, ಉದಾಹರಣೆಗೆ ಖಾಸಗಿ ಸಂಗತಿಯನ್ನು ಬಯಲಿಗೆಳೆಯುವುದು, ಮೂರನೆಯದು. ಈ ವಿಂಗಡಣೆಯ ಪ್ರಯೋಜನವೆಂದರೆ, ಒಂದೇ ಸಂದೇಶವು ಕೈಯಿಂದ ಕೈಗೆ ಸಾಗುವಾಗ ಎರಡನೆಯ ವರ್ಗದಿಂದ ಮೊದಲನೆಯ ವರ್ಗಕ್ಕೆ ಹೇಗೆ ಬದಲಾಗುತ್ತದೆ ಎಂಬುದನ್ನು ಅದು ತೋರಿಸುತ್ತದೆ. ಸೃಷ್ಟಿಸಿದವನಲ್ಲಿ ದುರುದ್ದೇಶವಿರುತ್ತದೆ, ಹಂಚುವವರಲ್ಲಿ ಬಹುಪಾಲು ಜನರಲ್ಲಿ ಕಾಳಜಿಯೇ ಇರುತ್ತದೆ. ಆದ್ದರಿಂದ ದಂಡನೆಯೊಂದರಿಂದಲೇ ಈ ಸಮಸ್ಯೆ ಪರಿಹಾರವಾಗದು.

ಮಂಗಳೂರಿನ ಮಾಧ್ಯಮ ಪರಂಪರೆ

ಬಾಸೆಲ್ ಮಿಶನ್ ಸಂಸ್ಥೆಯ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದರು. ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿದ್ದ ಈ ಪಾಕ್ಷಿಕವು ಕನ್ನಡದ ಮೊದಲ ಪತ್ರಿಕೆಯೆಂದು ಮಾನ್ಯವಾಗಿದ್ದು, ಆ ದಿನವನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸಲಾಗುತ್ತಿದೆ. 1844ರಲ್ಲಿ ಅದು ಬಳ್ಳಾರಿಗೆ ಸ್ಥಳಾಂತರಗೊಂಡು 'ಕನ್ನಡ ಸಮಾಚಾರ'ವೆಂಬ ಹೆಸರು ಪಡೆಯಿತು. ಊರಿನ ವರ್ತಮಾನ, ಸರ್ಕಾರದ ನಿರೂಪಗಳು, ದೂರದೇಶಗಳ ಸುದ್ದಿ ಇವೆಲ್ಲ ಪ್ರತ್ಯೇಕ ಶೀರ್ಷಿಕೆಗಳ ಅಡಿಯಲ್ಲಿ ಓದುಗರ ಮುಂದೆ ಬಂದವು. ಬಾಯಿಂದ ಬಾಯಿಗೆ ಹರಡುತ್ತಿದ್ದ ಸುದ್ದಿಗೆ ಹೀಗೆ ದಿನಾಂಕ, ಸ್ಥಳ ಮತ್ತು ವರ್ಗಗಳು ಪ್ರಾಪ್ತವಾದವು.

1867ರ ಪತ್ರಿಕೆ ಮತ್ತು ಪುಸ್ತಕಗಳ ನೋಂದಣಿ ಕಾಯ್ದೆಯು ಭಾರತದಲ್ಲಿ ಮುದ್ರಿತವಾಗುವ ಪ್ರತಿ ಪುಸ್ತಕ ಮತ್ತು ಪತ್ರಿಕೆಯ ಮೇಲೆ ಮುದ್ರಕರ ಹೆಸರು ಹಾಗೂ ಮುದ್ರಣಸ್ಥಳ ಇರಬೇಕೆಂದು ವಿಧಿಸಿತು. ಈ ಕಾಯ್ದೆಯ ಹಿಂದೆ ವಸಾಹತುಶಾಹಿಯ ನಿಗಾ ಇತ್ತೆಂಬುದು ನಿಜ. ಆದರೂ ಅದರಿಂದ ಓದುಗನಿಗೆ ಒಂದು ಅಮೂಲ್ಯ ಸೌಲಭ್ಯ ದೊರೆಯಿತು. ಪತ್ರಿಕೆಯ ಕೊನೆಯ ಪುಟದ ಕೆಳಗಿನ ಸಣ್ಣಕ್ಷರದ ಸಾಲನ್ನು ನೋಡಿದರೆ ಆ ಮಾತಿಗೆ ಹೊಣೆ ಯಾರೆಂಬುದು ತಿಳಿಯುತ್ತಿತ್ತು. ಈ ಕಾಯ್ದೆಯ ಸ್ಥಾನದಲ್ಲಿ 2023ರ ಹೊಸ ನೋಂದಣಿ ಕಾಯ್ದೆಯು 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ.

ಹೊಣೆಯ ಪ್ರಶ್ನೆಯ ಜೊತೆಗೆ ಒಡೆತನದ ಪ್ರಶ್ನೆಯನ್ನೂ ಮಂಗಳೂರು ಎತ್ತಿಕೊಂಡಿತು. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟಿ ಅವರು ಓದುಗರಿಂದ ಷೇರು ಬಂಡವಾಳ ಸಂಗ್ರಹಿಸಿ ಆರಂಭಿಸಿದ 'ಮುಂಗಾರು' ದಿನಪತ್ರಿಕೆಯು, ಪತ್ರಿಕೆಯ ಹಣ ಎಲ್ಲಿಂದ ಬರುತ್ತದೆ ಎಂಬುದಕ್ಕೂ ಅದು ಏನನ್ನು ಹೇಳುತ್ತದೆ ಎಂಬುದಕ್ಕೂ ಇರುವ ಸಂಬಂಧವನ್ನು ಸಾಮಾನ್ಯ ಓದುಗರ ಅರಿವಿಗೆ ತಂದ ಪ್ರಯೋಗ. ಇದಕ್ಕೂ ಮೊದಲು, 1976ರಲ್ಲಿ, ಕದ್ರಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಗಿ ಕನ್ನಡದ ಜೊತೆಗೆ ತುಳು ಮತ್ತು ಕೊಂಕಣಿಗಳೂ ಬಾನುಲಿಯ ಭಾಷೆಗಳಾದವು. ಮುದ್ರಣ ಮತ್ತು ಬಾನುಲಿ ಎರಡರಲ್ಲಿಯೂ ತಪ್ಪುಗಳು, ಪಕ್ಷಪಾತಗಳು ಇಲ್ಲದಿರಲಿಲ್ಲ. ಆದರೆ ತಪ್ಪಿದಾಗ ಕೇಳಲು ಒಂದು ವಿಳಾಸವಿತ್ತು.

ವಿಳಾಸ ಅಳಿಸಿಹೋದಾಗ

ಮೊಬೈಲ್‌ನಲ್ಲಿ ಮುಂದೂಡಲ್ಪಡುವ ಸಂದೇಶಕ್ಕೆ ಮುದ್ರಕರ ಸಾಲು ಇಲ್ಲ. ಅದು ಬರುವುದು ಸೋದರಮಾವನಿಂದ, ಸಹೋದ್ಯೋಗಿಯಿಂದ ಅಥವಾ ಊರಿನ ಯುವಕ ಮಂಡಲದ ಗುಂಪಿನಿಂದ. ಇಲ್ಲಿ ಸಂಭವಿಸುವ ಜ್ಞಾನಾತ್ಮಕ ದೋಷವನ್ನು ಭಾರತೀಯ ಪ್ರಮಾಣಶಾಸ್ತ್ರದ ಪರಿಭಾಷೆಯಲ್ಲಿ ಸ್ಪಷ್ಟಪಡಿಸಬಹುದು. ನ್ಯಾಯದರ್ಶನವು ಶಬ್ದವನ್ನು ಪ್ರಮಾಣವೆಂದು ಒಪ್ಪುತ್ತದೆ. ಆದರೆ ಅದು ಆಪ್ತನ ವಾಕ್ಯವಾಗಿರಬೇಕು. ಆಪ್ತನೆಂದರೆ ವಿಷಯವನ್ನು ಸ್ವತಃ ಸರಿಯಾಗಿ ಅರಿತು, ಅರಿತಂತೆಯೇ ಹೇಳುವವನು. ಸಂದೇಶವನ್ನು ಮುಂದೂಡಿದ ಬಂಧುವು ಲೋಕರೂಢಿಯ ಅರ್ಥದಲ್ಲಿ ಆಪ್ತ. ಶಾಸ್ತ್ರದ ಅರ್ಥದಲ್ಲಿ ಅಲ್ಲ, ಏಕೆಂದರೆ ಆತ ಘಟನೆಗೆ ಸಾಕ್ಷಿಯಲ್ಲ. ಓದುವವನು ಬಂಧುವಿನ ಮೇಲಿನ ವಿಶ್ವಾಸವನ್ನು ಅಜ್ಞಾತ ಮೂಲದ ಮೇಲೆ ಆರೋಪಿಸಿಬಿಡುತ್ತಾನೆ. ವದಂತಿಯ ಶಕ್ತಿ ಇರುವುದು ಈ ಪಲ್ಲಟದಲ್ಲಿ.

ಇದರ ಪರಿಣಾಮಗಳನ್ನು ಕರ್ನಾಟಕ ಎರಡು ಬಾರಿ ತೀವ್ರವಾಗಿ ಅನುಭವಿಸಿದೆ. 2012ರ ಆಗಸ್ಟ್‌ನಲ್ಲಿ, ಅಸ್ಸಾಮಿನ ಕೊಕ್ರಝಾರ್ ಪ್ರದೇಶದ ಹಿಂಸಾಚಾರದ ಬೆನ್ನಲ್ಲೇ, ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿ ನಡೆಯಲಿದೆಯೆಂಬ ಕಿರುಸಂದೇಶಗಳು ಬೆಂಗಳೂರಿನಲ್ಲಿ ಹರಡಿದವು. ಸಾವಿರಾರು ವಿದ್ಯಾರ್ಥಿಗಳೂ ಕಾರ್ಮಿಕರೂ ಕೆಲವೇ ದಿನಗಳಲ್ಲಿ ನಗರವನ್ನು ತೊರೆದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಕೇಂದ್ರ ಸರ್ಕಾರವು ಹದಿನೈದು ದಿನಗಳ ಕಾಲ ಸಾಮೂಹಿಕ ಕಿರುಸಂದೇಶಗಳ ಮೇಲೆ ನಿರ್ಬಂಧ ಹೇರಿತು. ಬೆಂಗಳೂರು ದೇಶದ ಮಾಹಿತಿ ತಂತ್ರಜ್ಞಾನದ ಕೇಂದ್ರವೆಂಬುದು ಇಲ್ಲಿ ಗಮನಾರ್ಹ. ತಂತ್ರಜ್ಞಾನದ ಬಳಕೆಯಲ್ಲಿನ ನೈಪುಣ್ಯವು ಮಾಹಿತಿಯ ವಿವೇಚನೆಯನ್ನು ತಾನಾಗಿ ತರುವುದಿಲ್ಲ.

2018ರಲ್ಲಿ ಮಕ್ಕಳ ಕಳ್ಳರ ವದಂತಿಯು ದೇಶದ ಹಲವೆಡೆ ಹಬ್ಬಿತು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬ, ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ತಂತ್ರಜ್ಞನೊಬ್ಬ ಗುಂಪುಹಲ್ಲೆಗೆ ಬಲಿಯಾದರು. ಮುರ್ಕಿಯ ಪ್ರಕರಣದಲ್ಲಿ ಪ್ರವಾಸಕ್ಕೆ ಬಂದಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಸಂಶಯಕ್ಕೆ ಕಾರಣವಾಯಿತು. ವಾಟ್ಸಾಪ್ ಗುಂಪಿನ ಮೂಲಕ ಸುದ್ದಿಯು ಅವರ ಕಾರಿಗಿಂತ ಮೊದಲೇ ಮುಂದಿನ ಊರನ್ನು ತಲುಪಿತ್ತು. ಆ ದಿನಗಳಲ್ಲಿ ಅತಿ ಹೆಚ್ಚು ಹರಡಿದ ದೃಶ್ಯವೊಂದರಲ್ಲಿ ಬೈಕಿನಲ್ಲಿ ಬಂದವರು ಮಗುವೊಂದನ್ನು ಎತ್ತಿಕೊಂಡು ಹೋಗುತ್ತಾರೆ. ವಾಸ್ತವದಲ್ಲಿ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ತಯಾರಿಸಿದ ಕಿರುಚಿತ್ರ. ಕೊನೆಯಲ್ಲಿ ಮಗುವನ್ನು ಹಿಂದಿರುಗಿಸಿ ಜಾಗೃತಿಯ ಫಲಕ ತೋರಿಸುವ ಭಾಗವನ್ನು ಕತ್ತರಿಸಲಾಗಿತ್ತು. ಮಕ್ಕಳ ರಕ್ಷಣೆಗಾಗಿ ತಯಾರಾದ ಚಿತ್ರವೇ, ಕೊನೆಯ ಕೆಲವು ಕ್ಷಣಗಳನ್ನು ಕಳೆದುಕೊಂಡು, ನಿರಪರಾಧಿಗಳ ಕೊಲೆಗೆ ಪ್ರೇರಕಗಳಲ್ಲಿ ಒಂದಾಯಿತು.

ದೃಶ್ಯವನ್ನು ಓದುವ ಕ್ರಮ

'ಕಣ್ಣಾರೆ ಕಂಡದ್ದು' ಎಂಬ ಮಾತಿಗೆ ಕನ್ನಡದಲ್ಲಿ ವಿಶೇಷ ಬೆಲೆಯಿದೆ. ಪರದೆಯ ಮೇಲೆ ಕಂಡದ್ದನ್ನೂ ಜನರು ಇದೇ ವರ್ಗಕ್ಕೆ ಸೇರಿಸುತ್ತಾರೆ. ಆದರೆ ಚಿತ್ರೀಕರಿಸಿದ ದೃಶ್ಯವು ಪ್ರತ್ಯಕ್ಷವಲ್ಲ. ಅದು ಬೇರೊಬ್ಬರು ಆಯ್ದು ಕೊಟ್ಟ ಚೌಕಟ್ಟು. ಆದ್ದರಿಂದ ಅದನ್ನು ಪಠ್ಯದಂತೆಯೇ ಓದಬೇಕಾಗುತ್ತದೆ.

ನಿದರ್ಶನಕ್ಕಾಗಿ, ನಂತೂರು ವೃತ್ತದಲ್ಲಿ ಜನರು ವಾಹನವೊಂದನ್ನು ಸುತ್ತುವರಿದಿರುವ ಮೂವತ್ತು ಸೆಕೆಂಡುಗಳ ದೃಶ್ಯವೊಂದು 'ಇಂದು ಬೆಳಗ್ಗೆ' ಎಂಬ ಒಕ್ಕಣೆಯೊಡನೆ ಬಂದಿದೆಯೆಂದು ಕಲ್ಪಿಸಿಕೊಳ್ಳಬಹುದು. ವಿವೇಚನೆಯುಳ್ಳ ನೋಡುಗನು ಮೊದಲು ಕಾಲವನ್ನು ಪರೀಕ್ಷಿಸುತ್ತಾನೆ: ರಸ್ತೆ ಒದ್ದೆಯಾಗಿದೆಯೇ, ಇಂದು ಮಳೆ ಬಂದಿತ್ತೇ, ವೃತ್ತದಲ್ಲಿ ಈಗ ಕಾಣುವ ಕಾಮಗಾರಿ ಅಥವಾ ಫಲಕಗಳು ದೃಶ್ಯದಲ್ಲಿವೆಯೇ? ಎರಡನೆಯದು ಸ್ಥಳ: ಅಂಗಡಿಯ ಬೋರ್ಡುಗಳು ಯಾವ ಭಾಷೆಯಲ್ಲಿವೆ, ವಾಹನಗಳ ನೋಂದಣಿ ಸಂಖ್ಯೆ ಯಾವ ರಾಜ್ಯದ್ದು, ಹಿನ್ನೆಲೆಯ ಮಾತು ಯಾವುದು? ಮೂರನೆಯದು ಚೌಕಟ್ಟು: ದೃಶ್ಯ ಆರಂಭವಾಗುವ ಮೊದಲು ಏನಾಯಿತು, ಅದು ಮುಗಿದ ಮೇಲೆ ಏನಾಯಿತು? ಜನರು ಹಲ್ಲೆ ಮಾಡುತ್ತಿದ್ದಾರೋ ಗಾಯಾಳುವನ್ನು ಹೊರತೆಗೆಯುತ್ತಿದ್ದಾರೋ ಎಂಬುದು ಆ ಮೂವತ್ತು ಸೆಕೆಂಡುಗಳಲ್ಲಿ ತಿಳಿಯದಿರಬಹುದು. ನಾಲ್ಕನೆಯದು ಒಕ್ಕಣೆ: ದೃಶ್ಯದಲ್ಲಿ ಕಾಣದ ಯಾವ ಸಂಗತಿಯನ್ನು, ವಿಶೇಷವಾಗಿ ಯಾರ ಜಾತಿ ಮತಗಳನ್ನು, ಒಕ್ಕಣೆ ಸೇರಿಸಿದೆ? ಐದನೆಯದು ಪ್ರಯೋಜನ: ಇದನ್ನು ನಂಬುವುದರಿಂದ ಯಾರಿಗೆ ಲಾಭ? ಈ ಪ್ರಶ್ನೆಗಳಿಗೆ ಯಾವ ಯಂತ್ರದ ನೆರವೂ ಬೇಕಿಲ್ಲ. ಸ್ಥಳೀಯ ಪರಿಚಯವೇ ಇಲ್ಲಿ ದೊಡ್ಡ ಸಾಧನ. ನಂತೂರಿನ ನಿವಾಸಿಗೆ ಒಂದು ಕ್ಷಣದಲ್ಲಿ ಕಾಣುವ ಅಸಾಂಗತ್ಯವು ದೂರದ ಪರಿಶೀಲಕನಿಗೆ ಕಾಣದಿರಬಹುದು.

ಈ ವಿವೇಚನೆ ಕೇವಲ ಕಲ್ಪಿತ ಸನ್ನಿವೇಶಕ್ಕೆ ಸೀಮಿತವಲ್ಲ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆಯ ಸಂದರ್ಭದಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಮೃತಪಟ್ಟರು. ಜಿಲ್ಲೆಯಲ್ಲಿ 48 ಗಂಟೆಗಳ ಕಾಲ ಮೊಬೈಲ್ ಅಂತರಜಾಲ ಸ್ಥಗಿತಗೊಂಡಿತು. ಅನಂತರ ಪೊಲೀಸರು ಕೆಲವು ಸಿಸಿಟಿವಿ ತುಣುಕುಗಳನ್ನೂ, 2020ರ ಜನವರಿಯಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರು ಬೇರೆ ತುಣುಕುಗಳನ್ನೂ ಬಿಡುಗಡೆ ಮಾಡಿದರು. ಒಂದೇ ದಿನದ, ಒಂದೇ ನಗರದ ದೃಶ್ಯಗಳು ಪರಸ್ಪರ ವಿರುದ್ಧವಾದ ಎರಡು ಕಥನಗಳಿಗೆ ಆಧಾರವಾದವು. ತುಣುಕು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದೇ ಅರ್ಥವನ್ನು ನಿರ್ಣಯಿಸುತ್ತದೆಂಬುದಕ್ಕೆ ಇದು ಸಾಕ್ಷಿ.

ಕೃತಕ ಬುದ್ಧಿಮತ್ತೆಯು ಈ ಸಂಕೀರ್ಣತೆಯನ್ನು ಇನ್ನಷ್ಟು ಹೆಚ್ಚಿಸಿದೆ. 2023ರ ನವೆಂಬರಿನಲ್ಲಿ ಕೊಡಗು ಮೂಲದ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ದೇಹಕ್ಕೆ ಜೋಡಿಸಿದ ನಕಲಿ ದೃಶ್ಯವು ದೇಶದಾದ್ಯಂತ ಚರ್ಚೆಗೆ ಕಾರಣವಾಯಿತು. ಇಂತಹ ಸೃಷ್ಟಿಗಳಲ್ಲಿ ಒಳಗಿನ ಅಸಾಂಗತ್ಯವನ್ನು ಕಣ್ಣಿನಿಂದ ಗುರುತಿಸುವುದು ದಿನೇ ದಿನೇ ಕಷ್ಟವಾಗುತ್ತಿದೆ. ಆದ್ದರಿಂದ ದೃಶ್ಯವನ್ನು ದಿಟ್ಟಿಸುವುದಕ್ಕಿಂತ ಅದರ ಮೂಲವನ್ನು ಶೋಧಿಸುವುದೇ ಮುಖ್ಯವಾಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ ಅವರ ಅಧ್ಯಯನದಲ್ಲಿ ವೃತ್ತಿನಿರತ ಸತ್ಯಶೋಧಕರು ಅಪರಿಚಿತ ಪುಟದಲ್ಲಿಯೇ ಉಳಿಯದೆ, ಬೇಗನೆ ಅದರಿಂದ ಹೊರಬಂದು ಅನ್ಯ ಮೂಲಗಳು ಅದರ ಬಗ್ಗೆ ಏನು ಹೇಳುತ್ತವೆಂದು ನೋಡುತ್ತಾರೆಂಬುದು ಕಂಡುಬಂದಿತು. ಇದನ್ನು ಪಾರ್ಶ್ವವಾಚನ ಎನ್ನಬಹುದು.

ಬಹುಭಾಷಿಕ ಪರಿಸರದ ವಿಶೇಷ

ಮಂಗಳೂರಿನ ಜನಜೀವನದಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳ, ಉರ್ದು ಭಾಷೆಗಳು ಹೆಣೆದುಕೊಂಡಿವೆ. ಒಂದು ಸಂದೇಶವು ಹಿಂದಿಯಲ್ಲೋ ಮಲಯಾಳದಲ್ಲೋ ಹುಟ್ಟಿ, ಕನ್ನಡಕ್ಕೆ ಬಂದು, ತುಳುವಿನ ಧ್ವನಿಮುದ್ರಿಕೆಯಾಗಿ ಹಂಚಲ್ಪಡುವಾಗ ಮೂಲದ ಸ್ಥಳನಾಮ ಕಳಚಿ ಸ್ಥಳೀಯ ಹೆಸರು ಸೇರಿಕೊಳ್ಳುವುದು ಸುಲಭ. ಬರೆಹವನ್ನು ಶೋಧಯಂತ್ರದಲ್ಲಿ ಹುಡುಕುವಂತೆ ಧ್ವನಿ ಸಂದೇಶವನ್ನು ಹುಡುಕಲಾಗದು. ಮನೆಮಾತಿನ ಧ್ವನಿಯಾದರೋ ಮುದ್ರಿತ ಅಕ್ಷರಕ್ಕಿಂತ ಹೆಚ್ಚು ಆತ್ಮೀಯವಾಗಿ ನಂಬಿಕೆಯನ್ನು ಗಳಿಸುತ್ತದೆ.

ಇದೇ ಪರಿಸರದಲ್ಲಿ ಪರೀಕ್ಷಣಬುದ್ಧಿಯನ್ನು ಬೆಳೆಸುವ ದೇಶೀಯ ಪರಂಪರೆಯೂ ಇದೆಯೆಂಬುದನ್ನು ಮರೆಯಬಾರದು. ಯಕ್ಷಗಾನ ತಾಳಮದ್ದಲೆಯಲ್ಲಿ ಅರ್ಥಧಾರಿಯು ವೇಷಭೂಷಣಗಳ ನೆರವಿಲ್ಲದೆ ಮಾತಿನಿಂದಲೇ ಪಾತ್ರವನ್ನು ಸಮರ್ಥಿಸಬೇಕು. ಎದುರಾಳಿ ಪ್ರತಿ ಮಾತಿಗೂ ಆಧಾರ ಕೇಳುತ್ತಾನೆ. ಪ್ರೇಕ್ಷಕನು ಎರಡೂ ಪಕ್ಷಗಳ ವಾದವನ್ನು ತೂಗುತ್ತ ಕುಳಿತಿರುತ್ತಾನೆ. ವಾದದ ಚಾತುರ್ಯ ಬೇರೆ, ಅದರ ಸತ್ಯಾಂಶ ಬೇರೆ ಎಂಬುದನ್ನು ಕರಾವಳಿಯ ಪ್ರೇಕ್ಷಕ ಬಲ್ಲ. ಮಾಧ್ಯಮ ಸಾಕ್ಷರತೆಯ ಪಾಠವನ್ನು ಈ ಪರಿಚಿತ ನೆಲೆಯಿಂದ ಆರಂಭಿಸಿದರೆ ಅದು ಹೊರಗಿನಿಂದ ಹೇರಿದ ಉಪದೇಶವಾಗುವುದಿಲ್ಲ.

ತಂತ್ರಜ್ಞಾನ ಮತ್ತು ಕಾನೂನುಗಳ ಮಿತಿ

2018ರ ಹತ್ಯೆಗಳ ಬಳಿಕ ವಾಟ್ಸಾಪ್ ಸಂಸ್ಥೆಯು ಮುಂದೂಡಿದ ಸಂದೇಶಗಳಿಗೆ ಗುರುತು ಹಾಕಿ, ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದೂಡುವ ಮಿತಿಯನ್ನು ತಂದಿತು. 2020ರ ಏಪ್ರಿಲ್‌ನಲ್ಲಿ ಹಲವು ಬಾರಿ ಮುಂದೂಡಲ್ಪಟ್ಟ ಸಂದೇಶಕ್ಕೆ ಈ ಮಿತಿ ಒಂದಕ್ಕೆ ಇಳಿಯಿತು. ಇವು ಸಂದೇಶದ ವೇಗವನ್ನು ತಗ್ಗಿಸಬಲ್ಲವೇ ಹೊರತು ಅದರ ಸತ್ಯಾಸತ್ಯತೆಯನ್ನು ತಿಳಿಸಲಾರವು. 2018ರಲ್ಲಿ 'ಸೈನ್ಸ್' ನಿಯತಕಾಲಿಕದಲ್ಲಿ ಪ್ರಕಟವಾದ ವೊಸೂಗಿ, ರಾಯ್ ಮತ್ತು ಅರಲ್ ಅವರ ಸಂಶೋಧನೆಯು, 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ಪರಿಶೀಲಿಸಿ, ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಂಭವ ಶೇಕಡ 70ರಷ್ಟು ಅಧಿಕವೆಂದು ತೋರಿಸಿತು. ಈ ವ್ಯತ್ಯಾಸಕ್ಕೆ ಕಾರಣ ಯಂತ್ರಗಳಲ್ಲ, ಮನುಷ್ಯರೇ ಎಂಬುದು ಅದರ ಮುಖ್ಯ ನಿರ್ಣಯ.

ಕಾನೂನಿಗೂ ಮಿತಿಯಿದೆ. ಸರ್ವೋಚ್ಚ ನ್ಯಾಯಾಲಯವು 2018ರ ಜುಲೈ 17ರಂದು ಗುಂಪುಹತ್ಯೆಗಳ ತಡೆಗೆ ಸರ್ಕಾರಗಳಿಗೆ ಕಟ್ಟುನಿಟ್ಟಿನ ನಿರ್ದೇಶನಗಳನ್ನು ನೀಡಿತು. ಅದೇ ನ್ಯಾಯಾಲಯವು 2015ರಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ವಿಧಿಯನ್ನು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ರದ್ದುಪಡಿಸಿತ್ತು. ಕೇಂದ್ರ ಸರ್ಕಾರದ ವ್ಯವಹಾರಗಳ ಕುರಿತು ಯಾವುದು ಸುಳ್ಳೆಂದು ಸರ್ಕಾರದ ಘಟಕವೇ ನಿರ್ಧರಿಸಬಹುದೆಂಬ 2023ರ ನಿಯಮವನ್ನು ಬಾಂಬೆ ಉಚ್ಚ ನ್ಯಾಯಾಲಯವು 2024ರ ಸೆಪ್ಟೆಂಬರ್‌ನಲ್ಲಿ ಅಸಿಂಧುಗೊಳಿಸಿತು. ಪ್ರಭುತ್ವವು ಸತ್ಯದ ಏಕೈಕ ನಿರ್ಣಾಯಕವಾಗುವುದು ಪ್ರಜಾಸತ್ತೆಗೆ ಒಗ್ಗದು. ಯಾರೂ ನಿರ್ಣಯಿಸದಿರುವುದು ಸಮಾಜದ ಕ್ಷೇಮಕ್ಕೆ ಒಗ್ಗದು. ಈ ಎರಡರ ನಡುವಿನ ಅವಕಾಶವನ್ನು ತುಂಬಬೇಕಾದವನು ಶಿಕ್ಷಿತ ನಾಗರಿಕ.

ಶಿಕ್ಷಣದ ಅನುಭವಗಳು

ಒಂದು ದಿನದ ಉಪನ್ಯಾಸದಿಂದ ಈ ವಿವೇಕ ಮೂಡುವುದೇ? ಈ ಕುರಿತು ಭಾರತದಲ್ಲಿಯೇ ನಡೆದ ಎರಡು ಪ್ರಯೋಗಗಳು ಮಾರ್ಗದರ್ಶಕವಾಗಿವೆ. ಸುಮಿತ್ರಾ ಬದ್ರಿನಾಥನ್ ಅವರು 2019ರ ಲೋಕಸಭಾ ಚುನಾವಣೆಯ ಸಂದರ್ಭದಲ್ಲಿ ಬಿಹಾರದಲ್ಲಿ 1,224 ಮಂದಿಯನ್ನೊಳಗೊಂಡ ಅಧ್ಯಯನ ನಡೆಸಿದರು. ಸುಮಾರು ಒಂದು ಗಂಟೆಯ ತರಬೇತಿ ಪಡೆದವರಲ್ಲಿ ಸುಳ್ಳನ್ನು ಗುರುತಿಸುವ ಸಾಮರ್ಥ್ಯ ಒಟ್ಟಾರೆಯಾಗಿ ಗಮನಾರ್ಹವಾಗಿ ಹೆಚ್ಚಲಿಲ್ಲ. ಅನಂತರ ಅವರೂ ಸಹಸಂಶೋಧಕರೂ ಅದೇ ರಾಜ್ಯದ 583 ಗ್ರಾಮಗಳ ಸುಮಾರು 13,500 ಹದಿಹರೆಯದವರನ್ನು ಒಳಗೊಂಡು ಇನ್ನೊಂದು ಪ್ರಯೋಗ ಕೈಗೊಂಡರು. ಇಲ್ಲಿ ಗ್ರಾಮೀಣ ಗ್ರಂಥಾಲಯಗಳಲ್ಲಿ ಹದಿನಾಲ್ಕು ವಾರಗಳ ಅವಧಿಯಲ್ಲಿ ನಾಲ್ಕು ತರಗತಿಗಳು ನಡೆದವು. ಫಲಿತಾಂಶ ಭಿನ್ನವಾಗಿತ್ತು: ವಿದ್ಯಾರ್ಥಿಗಳ ವಿವೇಚನೆ ಹೆಚ್ಚಿತು, ತಿಂಗಳುಗಳ ಬಳಿಕವೂ ಉಳಿಯಿತು, ಅವರ ಪೋಷಕರಲ್ಲಿಯೂ ಪರಿಣಾಮ ಕಂಡಿತು. ಒಮ್ಮೆ ಎಚ್ಚರಿಸುವುದಕ್ಕೂ ಅಭ್ಯಾಸ ಮಾಡಿಸುವುದಕ್ಕೂ ಇರುವ ಅಂತರವನ್ನು ಇವು ಸ್ಪಷ್ಟಪಡಿಸುತ್ತವೆ.

ಕರಾವಳಿಗೆ ಸಮೀಪದ ನಿದರ್ಶನವೆಂದರೆ ಕೇರಳದ ಕಣ್ಣೂರು ಜಿಲ್ಲೆ. 2018ರಲ್ಲಿ ಅಲ್ಲಿನ ಜಿಲ್ಲಾಡಳಿತವು 'ಸತ್ಯಮೇವ ಜಯತೇ' ಎಂಬ ಹೆಸರಿನಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿಯನ್ನು ಗುರುತಿಸುವ ತರಗತಿಗಳನ್ನು ನಡೆಸಿತು. ಲಸಿಕೆಯ ಕುರಿತ ಅಪಪ್ರಚಾರವು ಅದರ ಹಿನ್ನೆಲೆಗಳಲ್ಲಿ ಒಂದು.

ಈ ವಿವೇಕದ ಅಗತ್ಯ ಮಕ್ಕಳಿಗೆ ಮಾತ್ರವಲ್ಲ. ಪೊಲೀಸ್ ಅಧಿಕಾರಿಯ ವೇಷದಲ್ಲಿ ವೀಡಿಯೊ ಕರೆ ಮಾಡಿ 'ಡಿಜಿಟಲ್ ಅರೆಸ್ಟ್' ಎಂದು ಬೆದರಿಸಿ ಹಣ ದೋಚುವ ವಂಚನೆಗೆ ಹಿರಿಯರೂ ವಿದ್ಯಾವಂತರೂ ಬಲಿಯಾಗುತ್ತಿದ್ದಾರೆ. ಭಾರತದ ಕಾನೂನಿನಲ್ಲಿ ಅಂತಹ ಬಂಧನವೇ ಇಲ್ಲ. ಸಮವಸ್ತ್ರ, ಲಾಂಛನ, ಕಚೇರಿಯ ಹಿನ್ನೆಲೆ ಇವೆಲ್ಲ ಪರದೆಯ ಮೇಲೆ ಸುಲಭವಾಗಿ ನಿರ್ಮಿಸಬಹುದಾದ ಚಿಹ್ನೆಗಳೆಂಬ ಅರಿವೇ ಇಲ್ಲಿ ಮೊದಲ ರಕ್ಷಣೆ. ವಂಚನೆ ನಡೆದಲ್ಲಿ ತಡಮಾಡದೆ 1930 ಸಹಾಯವಾಣಿಗೆ ತಿಳಿಸುವುದು ಎರಡನೆಯದು.

ಉಪಸಂಹಾರ

ಮುದ್ರಣಯುಗದಲ್ಲಿ ಸುದ್ದಿಯ ಮೂಲವನ್ನು ನಮೂದಿಸುವ ಹೊಣೆ ಮುದ್ರಕನದಾಗಿತ್ತು. ಡಿಜಿಟಲ್ ಯುಗದಲ್ಲಿ ಆ ಮೂಲವನ್ನು ಶೋಧಿಸುವ ಹೊಣೆ ಓದುಗನ ಮೇಲೆ ಬಿದ್ದಿದೆ. ಮಾಧ್ಯಮ ಸಾಕ್ಷರತೆಯ ಸಾರ ಇಷ್ಟೇ. ಆದರೆ ಈ ಹೊಣೆಯನ್ನು ಒಂಟಿ ಓದುಗನೊಬ್ಬನೇ ಹೊರಲಾರ. ಅವನಿಗೆ ಹಳೆಯ ಪತ್ರಿಕೆಗಳ ಸಂಗ್ರಹ ಬೇಕು, ಕೇಳಲು ಬಲ್ಲವರು ಬೇಕು, ಜೊತೆಗೆ ಕುಳಿತು ಚರ್ಚಿಸುವ ಸ್ಥಳ ಬೇಕು. ಇವು ಮೂರೂ ಇರುವ ಸಾರ್ವಜನಿಕ ಸಂಸ್ಥೆ ಗ್ರಂಥಾಲಯ. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 'ಅರಿವು ಕೇಂದ್ರ'ಗಳೆಂಬ ಹೆಸರು ಪಡೆದಿವೆ. ಬಿಹಾರದ ಗ್ರಂಥಾಲಯಗಳಲ್ಲಿ ಸಾಧ್ಯವಾದದ್ದನ್ನು ಈ ಕೇಂದ್ರಗಳಲ್ಲಿಯೂ ನಗರದ ಶಾಖಾ ಗ್ರಂಥಾಲಯಗಳಲ್ಲಿಯೂ ಕನ್ನಡ, ತುಳು, ಕೊಂಕಣಿ, ಬ್ಯಾರಿ ಭಾಷೆಗಳ ಮೂಲಕ ಕೈಗೊಳ್ಳಲು ದೊಡ್ಡ ವೆಚ್ಚವೇನೂ ತಗಲದು. ವಾರದಲ್ಲಿ ಹರಿದಾಡಿದ ಒಂದು ಸಂದೇಶವನ್ನು ಮುಂದಿಟ್ಟುಕೊಂಡು ಅದರ ಕಾಲ, ಸ್ಥಳ, ಮೂಲ, ಒಕ್ಕಣೆಗಳನ್ನು ಕೂಡಿ ಪರೀಕ್ಷಿಸುವ ಒಂದು ಗಂಟೆಯ ಕೂಟವೇ ಅದರ ಆರಂಭವಾಗಬಲ್ಲದು. ಕನ್ನಡಕ್ಕೆ ಮೊದಲ ಪತ್ರಿಕೆಯನ್ನು ಕೊಟ್ಟ ನಗರವು, ಕೈಗೆ ಬಂದ ಸುದ್ದಿಯನ್ನು ಮುಂದೂಡುವ ಮೊದಲು ಅದರ ಮುದ್ರಕನಾರೆಂದು ಕೇಳುವ ಓದುಗವರ್ಗವನ್ನೂ ರೂಪಿಸಬೇಕಾಗಿದೆ. ಮುರ್ಕಿಯ ರಸ್ತೆಯಲ್ಲಿ ಅಂದು ಆ ಪ್ರಶ್ನೆಯನ್ನು ಕೇಳುವವರು ಸಾಕಷ್ಟು ಮಂದಿ ಇದ್ದಿದ್ದರೆ ಒಂದು ಜೀವ ಉಳಿಯುತ್ತಿತ್ತು.